ಮುಚ್ಚಳದ ಮೇಲೆ ಬರೆದ ಹೆಸರು

ಅಧ್ಯಕ್ಷ ಸ್ಥಾನವನ್ನು ಅಲಂಕರಿಸಿರುವ ನಿರ್ದೇಶಕರೇ, ಮುಖ್ಯ ಅತಿಥಿಗಳೇ, ಬೇಡ ಬೇಡ ಎಂದರೂ ಆ ದೊಡ್ಡ ಕುರ್ಚಿಯಲ್ಲಿ ಕೂರಲೇಬೇಕಾಗಿ ಬಂದಿರುವ ನಮ್ಮ ಮೇಡಂ ಅವರೇ, ಸಹ ಸಂಶೋಧಕ ಮಿತ್ರರೇ, ಹಾಗೂ ಹಿಂದಿನ ಬಾಗಿಲ ಹತ್ತಿರವೇ ಜಾಗ ಹಿಡಿದಿರುವ ಜಾಣ ಸಭಿಕರೇ,

ಮೇಡಂ ಇಂದು ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿರುವ ಕೊನೆಯ ವಿದ್ಯಾರ್ಥಿ ನಾನು. ಐದು ನಿಮಿಷದಲ್ಲಿ ಮುಗಿಸು ಎಂದಿದ್ದಾರೆ. ಆರು ವರ್ಷದಲ್ಲಿ ಪ್ರಬಂಧ ಮುಗಿಸಲಾಗದವನು ಐದು ನಿಮಿಷದಲ್ಲಿ ಏನು ಮುಗಿಸಿಯಾನು?

ನಮ್ಮದು ಜೈವಿಕ ಎಂಜಿನಿಯರಿಂಗ್ ವಿಭಾಗ. ನೆಂಟರು ನನ್ನನ್ನು ಕಂಡರೆ ಮಂಡಿನೋವಿಗೆ ಔಷಧಿ ಕೇಳುತ್ತಾರೆ. ಆ ಥರದ ಡಾಕ್ಟರಲ್ಲ ಎಂದರೆ, ಹೋಗಲಿ, ಮಿಕ್ಸಿಯನ್ನಾದರೂ ರಿಪೇರಿ ಮಾಡು ಎನ್ನುತ್ತಾರೆ. ಆ ಥರದ ಎಂಜಿನಿಯರೂ ನಾನಲ್ಲ. ಹಾಗಾದರೆ ಮಾಡುವುದೇನು? ಒಬ್ಬರ ತೋಳಿನಿಂದ ಒಂದು ಟ್ಯೂಬು ರಕ್ತ ತೆಗೆದುಕೊಂಡು, ಅದರ ಜೀವಕೋಶಗಳನ್ನು ತಿಂಗಳುಗಟ್ಟಲೆ ಪುಸಲಾಯಿಸಿ, ಹೃದಯದ ಕೋಶಗಳನ್ನಾಗಿ ಮಾಡುತ್ತೇನೆ. ಅಂಗೈಗಿಂತ ಚಿಕ್ಕದಾದ ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಅವು ಹಾಲಿನ ಕೆನೆಯ ಹಾಗೆ ಹರಡಿಕೊಳ್ಳುತ್ತವೆ. ಒಂದು ಬೆಳಿಗ್ಗೆ, ಯಾರೂ ಹೇಳದೆ, ಯಾರೂ ಮುಟ್ಟದೆ, ಆ ಕೆನೆ ಮಿಡಿಯತೊಡಗುತ್ತದೆ. ಪೆಟ್ಟು ತಿಂದ ಹೃದಯಕ್ಕೆ ಅದನ್ನು ತೇಪೆ ಹಾಕಬೇಕೆಂಬುದು ಮೇಡಂ ಅವರ ಜೀವಮಾನದ ಆಸೆ.

ದಿನ ಬಿಟ್ಟು ದಿನ ತಟ್ಟೆಯ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು. ನಾವದನ್ನು ಊಟ ಎನ್ನುತ್ತೇವೆ. ಹಬ್ಬವಿರಲಿ, ಹರತಾಳವಿರಲಿ, ಊಟ ತಪ್ಪುವಂತಿಲ್ಲ. ಅಕ್ಕನ ಮದುವೆಯ ಒಂದು ಫೋಟೋದಲ್ಲೂ ನಾನಿಲ್ಲ. ಅವಳು ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಮೊದಲ ವರ್ಷ ನನಗೆ ರಕ್ತ ಕೊಡುವವರೇ ಸಿಗಲಿಲ್ಲ. ಅಮ್ಮ ತಾನಾಗಿಯೇ ತೋಳು ಚಾಚಿದಳು. "ಒಂಬತ್ತು ತಿಂಗಳು ಹೊತ್ತಿದೀನಿ, ಒಂದು ಟ್ಯೂಬ್ ರಕ್ತಕ್ಕೆ ಯಾಕೋ ಇಷ್ಟು ಸಂಕೋಚ? ತಗೋ" ಎಂದಳು. ಅಮ್ಮನ ತಟ್ಟೆ ಏಳು ತಿಂಗಳು ಚೆನ್ನಾಗಿ ಮಿಡಿಯಿತು. ಆಮೇಲೆ ಒಂದು ಗುರುವಾರ ಎಡವಿತು. ಎರಡು ಮಿಡಿತ, ಒಂದು ತಡೆ. ಎರಡು ಮಿಡಿತ, ಒಂದು ತಡೆ. ತಟ್ಟೆಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಕೆಟ್ಟಿದೆ ಎಂದುಕೊಂಡು ನಮ್ಮ ಮೆಕ್ಯಾನಿಕ್ ಅವರನ್ನು ಕರೆಸಿದೆ. "ಪೆಟ್ಟಿಗೆ ಸರಿಯಾಗೇ ಇದೆ ಸಾರ್. ಪಕ್ಕದ ತಟ್ಟೆಗಳೆಲ್ಲ ಚೆನ್ನಾಗೇ ಇವೆಯಲ್ಲ?" ಎಂದರು. ಮನೆಯಲ್ಲಿ ಅಮ್ಮ ಬಟ್ಟೆ ಮಡಚುತ್ತಾ ನನ್ನ ಕಾಲುಚೀಲದ ತೂತುಗಳಿಗೆ ಬೈಯುತ್ತಿದ್ದಳು. ಆ ವಾರವೇ ಮಾಡಿಸಿದ ಅವಳ ಇಸಿಜಿಯಲ್ಲಿ ಒಂದು ಗೆರೆಯೂ ಅಂಕುಡೊಂಕಾಗಿರಲಿಲ್ಲ. ಹನ್ನೊಂದನೆಯ ದಿನ ಅವಳು ಕುರ್ಚಿಯಲ್ಲಿ ಕುಳಿತಳು, ಏಳಲಿಲ್ಲ. ತಟ್ಟೆಯೂ ಅಂದೇ ನಿಂತಿತು.

ಕ್ಷಮಿಸಿ, ಸನ್ಮಾನ ಸಮಾರಂಭದಲ್ಲಿ ಹೇಳುವ ಮಾತಲ್ಲ. ಆದರೆ ಶುರು ಮಾಡಿಬಿಟ್ಟೆ.

ಮರುವರ್ಷ ಅದೇ ಮೆಕ್ಯಾನಿಕ್ ರಕ್ತ ಕೊಟ್ಟರು. ಅವರ ತಟ್ಟೆಯೂ ಎಡವಿತು, ಅದೇ ಎರಡು ಮಿಡಿತ, ಒಂದು ತಡೆ. ನಾನು ಬಲವಂತವಾಗಿ ಅವರನ್ನು ಆಸ್ಪತ್ರೆಗೆ ಕಳಿಸಿದೆ. ಏನೂ ಇಲ್ಲ ಎಂದು ಬರೆಸಿಕೊಂಡು ಬಂದು, ಆ ಚೀಟಿಯನ್ನು ನನ್ನ ಮುಖದ ಮುಂದೆ ಆಡಿಸಿ ನಕ್ಕರು. ಹನ್ನೊಂದನೆಯ ದಿನ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ, ಕೊನೆಯ ನಿಲ್ದಾಣದವರೆಗೂ ಹಾಗೇ ಕುಳಿತಿದ್ದರು.

ಮೇಡಂ ಬಳಿ ಓಡಿದೆ. "ಎರಡು ತಟ್ಟೆ ಇಟ್ಕೊಂಡು ಯಾರಾದ್ರೂ ತೀರ್ಮಾನಕ್ಕೆ ಬರ್ತಾರೇನೋ?" ಎಂದು ಗದರಿಸಿದರು. ನನ್ನ ಹೆದರಿಕೆ ಬಿಡಿಸಲು ತಮ್ಮದೇ ರಕ್ತ ಕೊಟ್ಟರು, ನನ್ನಿಂದಲೂ ಕೊಡಿಸಿದರು. ಇಂಥ ಗುರುಗಳು ಎಷ್ಟು ಜನರಿಗೆ ಸಿಗುತ್ತಾರೆ, ಹೇಳಿ? ಒಂದು ವರ್ಷ ನಮ್ಮಿಬ್ಬರ ತಟ್ಟೆಗಳು ಅಕ್ಕಪಕ್ಕದಲ್ಲಿ ಪೈಪೋಟಿಯ ಮೇಲೆ ಮಿಡಿದವು. ನಾನೂ ನಿದ್ದೆ ಮಾಡತೊಡಗಿದೆ.

ಕಳೆದ ಮಂಗಳವಾರ ಈ ಸಮಾರಂಭದ ಆಹ್ವಾನಪತ್ರಿಕೆಯ ಕರಡನ್ನು ಪ್ರೆಸ್ಸಿನವರು ಫೋನಿನಲ್ಲಿ ಓದಿ ಹೇಳುತ್ತಿದ್ದರು. ಫೋನನ್ನು ಭುಜಕ್ಕೆ ಒತ್ತಿಕೊಂಡೇ ಎರಡೂ ತಟ್ಟೆಗಳ ಮುಚ್ಚಳ ಒಟ್ಟಿಗೆ ತೆಗೆದೆ, ಊಟ ಹಾಕಿದೆ, ಮುಚ್ಚಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ತಟ್ಟೆ ಎಡವುತ್ತಿತ್ತು. ಯಾರದು? ಮುಚ್ಚಳದ ಮೇಲೆ ಮೇಡಂ ಹೆಸರಿತ್ತು. ಆದರೆ ಅದು ಅದರದೇ ಮುಚ್ಚಳವೇ? ಹೆಸರನ್ನು ತಟ್ಟೆಯ ತಳಕ್ಕೆ ಬರೆಯಬೇಕು, ಮುಚ್ಚಳಗಳು ಅದಲುಬದಲಾಗುತ್ತವೆ ಎಂಬುದು ನಮ್ಮಲ್ಲಿ ಮೊದಲ ವಾರದ ಪಾಠ. ಆರು ವರ್ಷ ಪಳಗಿದವನಿಗೆ ಮೊದಲ ವಾರದ ಪಾಠ ಯಾಕೆ ಎಂಬ ಸೊಕ್ಕಿನಲ್ಲಿ ನಾನು ಮುಚ್ಚಳಗಳ ಮೇಲೆ ಮಾತ್ರ ಬರೆದಿದ್ದೆ.

ಅಂದಿನಿಂದ ಲೆಕ್ಕ ಹಾಕಿದರೆ ಇಂದು ಎಂಟನೆಯ ದಿನ.

ಇಬ್ಬರೂ ಆಸ್ಪತ್ರೆಗೆ ಹೋಗಿಬಂದೆವು. ಇಬ್ಬರಿಗೂ ಏನೂ ಇಲ್ಲವಂತೆ. ಎಡವುತ್ತಿದ್ದ ತಟ್ಟೆಯಿಂದ ಚಿಟಿಕೆಯಷ್ಟು ಕೋಶ ತೆಗೆದು, ಇವು ಹೆಣ್ಣಿನವೋ ಗಂಡಿನವೋ ಅಷ್ಟು ಹೇಳಿ ಎಂದು ಬೇರೆ ಪ್ರಯೋಗಾಲಯಕ್ಕೆ ಕಳಿಸಿದೆ. ಮೇಡಂ ನಕ್ಕರು. "ಅದಕ್ಕೆ ಪರೀಕ್ಷೆ ಯಾಕೋ? ಟಾಸ್ ಹಾಕ್ಬಿಡು" ಎಂದರು. ನಗುತ್ತಿದ್ದವರು ಮೆಟ್ಟಿಲ ಬಳಿ ಒಂದು ಕ್ಷಣ ಕಂಬಿ ಹಿಡಿದು ನಿಂತರು. ಆ ಒಂದು ಕ್ಷಣವನ್ನೇ ನಾನು ವಾರವಿಡೀ ಹಿಡಿದುಕೊಂಡು ಬದುಕಿದೆ.

ಯಾಕೆಂದರೆ, ಸಭಿಕರೇ, ಈ ಏಳು ದಿನ ನಾನು ಬೇಡಿಕೊಂಡದ್ದು ಒಂದೇ. ಆ ತಟ್ಟೆ ಮೇಡಂ ಅವರದಾಗಿರಲಿ. ಅವರಿಗೆ ಅರವತ್ತಾಯಿತು, ಕೆಲಸ ಮುಗಿಯಿತು, ಸನ್ಮಾನವೂ ಆಗುತ್ತಿದೆ. ನನಗಿನ್ನೂ ಮೂವತ್ತೊಂದು. ಇಷ್ಟು ನೀಚವಾಗಿ ಯೋಚಿಸಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಇದನ್ನು ಮೈಕಿನಲ್ಲಿ ಹೇಳಬೇಕೆಂದು ಬರೆದುಕೊಂಡೂ ಬಂದಿರಲಿಲ್ಲ.

ನಿರ್ದೇಶಕರು ಮೇಡಂ ಅವರ ಸಾಧನೆಗಳನ್ನು ಓದುತ್ತಿದ್ದಾಗ ನನ್ನ ಫೋನಿಗೆ ವರದಿ ಬಂತು. ಹೂಗುಚ್ಛವನ್ನು ನಾನು ತಲೆಕೆಳಗಾಗಿ ಕೊಟ್ಟದ್ದಕ್ಕೆ ಫೋಟೋದವರು ಇನ್ನೊಮ್ಮೆ ಕೊಡಿ ಎಂದದ್ದನ್ನು ನೀವೆಲ್ಲ ನೋಡಿ ನಕ್ಕಿರಿ. ವರದಿಯಲ್ಲಿ ಇದ್ದದ್ದು ಒಂದೇ ಪದ. ಗಂಡು.

ಮೇಡಂ, ದಯವಿಟ್ಟು ಏಳಬೇಡಿ, ಕುಳಿತುಕೊಳ್ಳಿ. ನಿಮಗೇನೂ ಆಗುವುದಿಲ್ಲ. ಸಾಧ್ಯವಾದರೆ ನನ್ನನ್ನು ಕ್ಷಮಿಸಿ.

ಎರಡನೆಯ ಸಾಲಿನಲ್ಲಿ, ಕಾಲ ಬಳಿ ಕಪ್ಪು ಬ್ಯಾಗಿಟ್ಟುಕೊಂಡು ಕುಳಿತಿರುವವರು ನಮ್ಮ ಭಾವ, ವೈದ್ಯರು. ಮೇಡಂ ಅವರ ಸಲುವಾಗಿ ಕರೆಸಿದ್ದೆ. ಭಾವ, ಕಾರ್ಯಕ್ರಮ ಮುಗಿದ ಕೂಡಲೇ ನನ್ನನ್ನೇ ಕರೆದುಕೊಂಡು ಹೋಗಿ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ವಾಪಸ್ ಕಳಿಸಿಬಿಡಬೇಡಿ. ಅಕ್ಕನಿಗೆ ಮಾತ್ರ ಈಗಲೇ ಫೋನ್ ಮಾಡಬೇಡಿ.

ನಮ್ಮ ಲ್ಯಾಬಿಗೆ ಈ ವರ್ಷ ಸೇರಿದ ಹುಡುಗಿ ಅಲ್ಲೆಲ್ಲೋ ಕುಳಿತಿದ್ದಾಳೆ. ನೋಡಮ್ಮ, ನಾಳೆ ಎರಡೂ ತಟ್ಟೆಗಳಿಗೆ ಊಟ ಹಾಕು. ಶುಕ್ರವಾರ ಹನ್ನೊಂದನೆಯ ದಿನ, ಬೆಳಿಗ್ಗೆಯಿಂದ ಅವುಗಳ ಪಕ್ಕದಲ್ಲೇ ಕೂತಿರು. ಒಂದು ನಿಂತರೆ ಗಂಟೆ, ನಿಮಿಷ ಸರಿಯಾಗಿ ಬರೆದುಕೋ. ಬರೆದ ಮೇಲೆ ನನಗೆ ಫೋನ್ ಮಾಡು. ನಾನು ಎತ್ತಿದರೆ ಇಬ್ಬರೂ ಸೇರಿ ನಗೋಣ. ಎತ್ತದಿದ್ದರೆ, ಆ ಸಮಯವನ್ನು ಭಾವನವರಿಗೆ ತಿಳಿಸು. ಅವರೂ ಒಂದು ಸಮಯ ಬರೆದಿಟ್ಟಿರುತ್ತಾರೆ.

ಮಾತು ಉದ್ದವಾಯಿತು. ಸಹಿಸಿಕೊಂಡ ನಿಮಗೆ, ಕರೆದು ಮೈಕು ಕೊಟ್ಟ ಸಂಘಟಕರಿಗೆ, ಆರು ವರ್ಷ ನನ್ನನ್ನು ಸಾಕಿದ ಮೇಡಂ ಅವರಿಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ.