ಕೇಳೋಕೆ ಎಷ್ಟು ಹೊತ್ತು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ವಿಶೇಷ ಮಕ್ಕಳ ಶಿಶುವಿಹಾರದ ಟೀಚರುಗಳಿಬ್ಬರು ನಿಂತಿದ್ದರು. ಹಿರಿಯಾಕೆ ಈಗ ಟೀಚರುಗಳಿಗೇ ತರಗತಿಯಲ್ಲಿ ಕೂತು ಮಾರ್ಗದರ್ಶನ ಮಾಡುವ ಕೋಚ್ ಆಗಲು ಕಲಿಯುತ್ತಿದ್ದಾರೆಂದು ಮಾತಿನಿಂದ ತಿಳಿಯಿತು.

"ಅಕ್ಕಾ, ಹೊಸ ಟೀಚರ್ ಕ್ಲಾಸಲ್ಲಿ ಕೂತಿದ್ರಲ್ಲ, ಹೇಗಿತ್ತು?"

"ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆ ಕಣೇ."

"ನೀವಾ? ನಂಬೋ ಮಾತಾ!"

"ಮಾತೇ ಆಡದ ಪುಟ್ಟಿ ಒಬ್ಳಿದಾಳೆ. ಅವಳು ಚೆಂಡಿನ ಕಡೆ ನೋಡಿದ್ರೆ ಸಾಕು, ಟೀಚರ್ ಓಡಿ ತಂದ್ಕೊಡ್ತಾಳೆ. ಸರಿಯಾಗಿ ಹೇಗೆ ಮಾಡೋದೂಂತ ನಾನೇ ಎದ್ದು ತೋರಿಸಿಬಿಡೋಣ ಅಂತ ಜೀವ ಚಡಪಡಿಸ್ತಿತ್ತು."

"ಎದ್ರಾ?"

"ಇಲ್ಲ. ಬಿಡುವಲ್ಲಿ ಒಂದೇ ಪ್ರಶ್ನೆ ಕೇಳ್ದೆ. 'ಅವಳು ಬಾಯ್ಬಿಟ್ಟು ಕೇಳೋಕೆ ಎಷ್ಟು ಹೊತ್ತು ಕೊಡ್ತೀಯಮ್ಮಾ?' ಅಂತ. ಆಮೇಲೆ ಟೀಚರ್ ಚೆಂಡು ಹಿಡ್ಕೊಂಡು ಸುಮ್ನೆ ಕಾದ್ಲು."

"ಪುಟ್ಟಿ?"

"'ಕೊಲು' ಅಂದ್ಲು ಕಣೇ! ಕೊಡು ಅನ್ನೋದಕ್ಕೆ. ಟೀಚರ್ ಅಳ್ತಾ ನಗ್ತಾ ಚೆಂಡು ಕೊಡೋದನ್ನೇ ಮರ್ತುಬಿಟ್ಲು. ಪುಟ್ಟಿ ಗದರಿಸಿ ಇನ್ನೊಂದ್ಸಲ ಕೇಳ್ಬೇಕಾಯ್ತು!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇಪ್ಪತ್ತು ವರ್ಷದಲ್ಲಿ ನಾನೇ ಕಲಿಸಿ ಎಷ್ಟೋ ಮಕ್ಕಳ ಮೊದಲ ಮಾತು ಕೇಳಿದೀನಿ. ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ," ಎಂದರು ಹಿರಿಯಾಕೆ.

ಬಸ್ಸು ಬಂತು. ಕಿರಿಯಾಕೆ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು.

"ಅಕ್ಕಾ, ನನ್ನ ಕ್ಲಾಸಿಗೂ ಬನ್ನಿ. ಮಧ್ಯದಲ್ಲೇ ಎದ್ದು ತಿದ್ತೀರಿ ಅಂತ ಇಷ್ಟು ದಿನ ಹೆದರಿ ಕರೆದಿರಲಿಲ್ಲ."

"ನಾಳೇನೇ ಬರ್ತೀನಿ!" ಎಂದು ಹಿರಿಯಾಕೆ ಕೂಗಿದ್ದಕ್ಕೆ ಸಾಲಿಗೆ ಸಾಲೇ ತಿರುಗಿ ನೋಡಿತು.