ಊರಿಗೆಲ್ಲ ಒಂದೇ ಹುಂಜ

ಅಲ್ಲ ಕಣಮ್ಮಿ, ಆ ಕೋಳಿಮರೀನ ಯಾಕಂಗೆ ಅಟ್ಟಾಡುಸ್ತೀಯ, ಬುಡು ಅತ್ಲಾಗೆ, ಅದು ಕೆಂಚನ ವಂಶ. ಕೆಂಚ ಯಾರು ಅಂತೀಯಾ? ಉಂಜ ಕಣಮ್ಮಿ, ನಾನು ಸಾಕಿದ್ ಉಂಜ. ಬಾ ಕೂತ್ಕೊ, ನೀನೂ ಬಾರ್ಲಾ ಮಾದೇಶ, ಆ ಮೊಬೈಲ ಮಡಗು ಒಸಿ. ಆ ಕೊರೋನಾ ಬಂದಿತ್ತಲ್ಲ, ಆಗ ನೀವಿಬ್ರೂ ಸಣ್ಣವು, ಇವಳಿಗೆ ಹಲ್ಲೂ ಬಂದಿರ್ನಿಲ್ಲ, ಇಲ್ಲ ಇಲ್ಲ, ಬಂದಿತ್ತು, ಮುಂದ್ಲವು ಎರಡು ಬಂದಿದ್ದೋ, ನನ್ನ ಬೆರಳ ಕಚ್ಚೋಳು. ನಿಮ್ಮಪ್ಪ ಕೇರಳಕ್ಕೆ ಶುಂಠಿ ಕೆಲಸಕ್ಕೆ ಓಗೋನು, ಗಡೀಲಿರೋ ಮದ್ದೂರು ಚೆಕ್‌ಪೋಸ್ಟ್ ಮುಚ್ಚಿಬುಟ್ರು, ಬಂದು ಅಟ್ಟೀಲಿ ಕೂತ್ಕಂಡ. ನಾನು ಚೆಂಡೂವ ಕೀಳಕೆ ಕೂಲಿಗೆ ಓಗ್ತಿದ್ದೆ, ಊವ ತುಂಬೋ ಲಾರಿನೇ ಬರ್ನಿಲ್ಲ, ವಲದಲ್ಲೇ ಒಣಗಿ ನಿಂತ್ಕತು. ಅಟ್ಟೀಲಿ ಇದ್ದುದ್ದು ರಾಗಿ ಒಸಿ, ಉಳ್ಳಿಕಾಳು ಒಸಿ, ಮತ್ತೆ ಇತ್ತಲ ಕೋಳಿ. ಆ ಕೋಳಿ ಮೊಟ್ಟೆಲೇ ನೀವಿಬ್ರೂ ಬೆಳ್ದುದ್ದು, ತಿಳ್ಕಳಿ. ಈಗ ಮೊಟ್ಟೆ ಅಂದ್ರೆ ಮೂಗು ಮುರೀತೀರಿ.

ಅಂಥದ್ರಲ್ಲಿ ಕೋಳಿಗೂ ಸೀಕು ಬಂತು. ಬೆಳಗ್ಗೆ ಮೇಯ್ತಾ ಇರವು, ಮಧ್ಯಾನಕ್ಕೆ ಕತ್ತು ವಾರೆ ಮಾಡ್ಕಂಡು ಬಿದ್ದಿರವು. ಸೀಕಲ್ಲಿ ಸತ್ತವು ಸತ್ತೋ, ಉಳ್ಕಂಡ ಉಂಜಗಳ ಜನ ಕುಯ್ಕಂಡು ತಿಂದ್ರು. ಮಾಂಸದಂಗಡಿ ಬಾಗ್ಲು ಹಾಕಿತ್ತಲ್ಲ, ಬಾಯಿಗೆ ರುಚಿ ಬೇಕು. ಯಾಟೆ ಆದ್ರೆ ಮೊಟ್ಟೆ ಇಕ್ತದೆ, ಉಂಜ ಏನಿಕ್ತದೆ ಅಂತ ಅವರ ಲೆಕ್ಕ. ನೋಡು ಬುದ್ಧಿ ಎಂಗದೆ. ನಮ್ಮ ಇತ್ತಲಲ್ಲಿ ನಾಕು ಯಾಟೆ ಉಳ್ಕಂಡೋ, ಇಡೀ ಊರಲ್ಲಿ ಬೆಳಗಾಯ್ತು ಅಂತ ಕೂಗಕೆ ಒಂದು ಉಂಜ ಇಲ್ಲ. ಒಂದು ಯಾಟೆನ ಕಾವಿಗೆ ಕೂರಿಸ್ದೆ, ಪಾಪ ಅದು ಮೇವು ನೀರು ಬುಟ್ಟು ಕೂತ್ಕಂಡದೆ, ಕೂತ್ಕಂಡೇ ಅದೆ, ಒಂದೂ ಮರಿ ಆಗ್ನಿಲ್ಲ. ಒಡೆದು ನೋಡುದ್ರೆ ಎಲ್ಲ ನೀರು, ನಾತ ಅಂದ್ರೆ ನಾತ. ಉಂಜ ಇಲ್ದೆ ಮರಿ ಎಲ್ಲಿಂದ ಬತ್ತದೆ, ನೀನೇ ಯೋಳು. ಈ ನಾಕೂ ಮುದಿಯಾಗಿ ಮೊಟ್ಟೆ ಇಕ್ಕದ ಬುಟ್ರೆ ಅಲ್ಲಿಗೆ ನಮ್ಮ ಅಟ್ಟಿ ಕೋಳಿ ಮುಗೀತು, ನಿಮ್ಮ ಮೊಟ್ಟೆನೂ ಮುಗೀತು. ಅದರ ಮೇಲೆ ಕರಿ ಯಾಟೆ ಒಂದಿತ್ತು, ಎಲ್ಲಕ್ಕೂ ಯಜಮಾನಿ, ಉಂಜ ಇಲ್ಲ ಅಂತ ತಾನೇ ಬೇಲಿ ಅತ್ತಿ ಕೂಗಕೆ ಸುರು ಮಾಡ್ತು. ಯಾಟೆ ಕೂಗುದ್ರೆ ಅಟ್ಟಿಗೆ ಕೇಡು ಅಂತಾರಲ್ಲ. ನಮ್ಮತ್ತೆ, ನಿಮ್ಮ ಮುತ್ತಜ್ಜಿ ಕಣ್ರೋ, ಜಗಲಿ ಮೇಲೇ ಕೂತು ಎಲ್ಲ ನೋಡೋರು, "ನಂಜಿ, ಕುಯ್ದಾಕು ಅದ" ಅಂದ್ರು. "ಅತ್ತೆಮ್ಮಾ, ಒಂದು ಉಂಜ ಬರ್ಲಿ, ಅದೇ ಬಾಯಿ ಮುಚ್ಕತದೆ, ನಾನು ತತ್ತೀನಿ" ಅಂದೆ. ಅಂದ ಮೇಲೆ ತರ್ಲೇಬೇಕಲ್ಲ.

ನಿಂತೋಗಿದ್ದ ಬಸ್ಸು ಮತ್ತೆ ಬುಟ್ಟ ಮೇಲೆ ಗುಂಡ್ಲುಪೇಟೆಗೆ ಓದೆ. ಅಲ್ಲಿ ಶಮೀಮಕ್ಕ ಅಂತ, ಅವರ ಯಜಮಾನ್ರು ಆಸಿಗೆ ಹೊಲಿಯೋರು, ವರ್ಸಾ ವರ್ಸಾ ನಮ್ಮ ಬೂರುಗದ ಮರದ ಅತ್ತಿ ಅವರಿಗೇ ಕೊಡ್ತಿದ್ದೆ. ಅವರ ಮನೆ ಹಿಂದೆ ಕೋಳಿ ಇದ್ದೋ. ಒಂದು ಮರಿ ಮೂಲೇಲಿ ರೆಕ್ಕೆ ಇಳಿಬುಟ್ಕಂಡು ನಿಂತದೆ, ಕಡ್ಡಿ ಕಾಲು, ಕೆಂಚು ಕೆಂಚು ಪುಕ್ಕ. "ತಗೊಳ್ಳಿ ನಂಜಮ್ಮ, ಇದು ಗಂಡೇ ಐತೆ, ನಮ್ದು ದೊಡ್ಡ ಹುಂಜ ಇದಕ್ಕೆ ಹೊಡೀತೈತೆ, ಅನ್ನಾನೂ ತಿನ್ನಕ್ಕೆ ಬುಡಲ್ಲ, ಬದುಕಿದ್ರೆ ನಿಮ್ದು" ಅಂದ್ರು. ಒಂದು ಸೇರು ಉಳ್ಳಿಕಾಳ ಅವರ ಕೈಗಿಟ್ಟು ಮರೀನ ಸೆರಗಲ್ಲಿ ಮುಚ್ಕಂಡು ಬಂದೆ. ಬಸ್ಸಲ್ಲಿ ಅದು ಸುಮ್ಕಿರ್ಬೇಕಲ್ಲ, ಕಿಯ್ ಅಂತು. ಕಂಡಕ್ಟ್ರು ತಿರುಗಿ ನೋಡಿ, "ಅಜ್ಜಿ, ನೀನು ಮಾಸ್ಕ್ ಹಾಕಿದ್ದೀಯ, ನಿನ್ನ ಕೋಳಿಗೆಲ್ಲಿ" ಅಂದ. ಬಸ್ಸೆಲ್ಲ ನಗ್ತು, ನಾನು ನಗ್ನಿಲ್ಲ, ಸೆರಗ ಇನ್ನೂ ಬಿಗಿಯಾಗಿ ಇಡ್ಕಂಡೆ.

ತಂದುದ್ದಲ್ಲ ಕಷ್ಟ, ಯಾಟೆಗಳ ಮಧ್ಯೆ ಬೆಳ್ಸದು ಕಷ್ಟ. ಒಂದೇ ಸಲ ಬುಟ್ರೆ ಕೊಂದಾಕ್ತವೆ. ಅದಕ್ಕೆ ಇತ್ತಲ ಮಧ್ಯೆ ಮಂಕರಿ ಕವುಚಿ ಅದರೊಳಗೆ ಬುಟ್ಟೆ, ಸುತ್ತ ಯಾಟೆಗಳು ಮೇಯ್ಕಂಡು ಇರ್ಲಿ, ಮೊಕ ನೋಡಿ ಅಭ್ಯಾಸ ಆಗ್ಲಿ ಅಂತ. ಆಮೇಲೆ ಸಾಯಂಕಾಲ ಒಸಿ ಒಸಿ ಆಚೆ ಬುಡಾದು. ಆ ಕರಿ ಯಾಟೆ ಅಂತೂ ಇದ ಕಂಡ್ರೆ ಆಗದು. ತಲೆ ಮೇಲೇ ಕುಕ್ಕದು, ರಕ್ತ ಬರಗಂಟ ಕುಕ್ಕದು. ನಾನು ದಿನಾ ಬೆಳಗ್ಗೆ ಅದ ತೊಡೆ ಮಧ್ಯೆ ಇಡ್ಕಂಡು, ಚೊಂಬಲ್ಲಿ ಅರಿಶ್ಣದ ನೀರು ಕಲಸಿ ತಲೆ ಮೇಲಿಂದ ಉಯ್ಯಾದು, ಗಾಯ ಮಾಯ್ಲಿ ಅಂತ. ಮೊದ್ಮೊದ್ಲು ಒದ್ದಾಡೋದು, ನನ್ನ ಸೀರೆಯೆಲ್ಲ ಅಳದಿ. ನಿಮ್ಮಪ್ಪ ಅನ್ನೋನು, "ಅವ್ವ, ಮನುಸ್ರಿಗೇ ಗತಿ ಇಲ್ಲ, ನೀನು ಕೋಳಿಗೆ ಎಣ್ಣೆನೀರು ಹಾಕ್ತಾ ಕೂತಿದ್ದೀಯ." ನಾನು ಕಿವೀಗೇ ಹಾಕ್ಕಳ್ನಿಲ್ಲ. ದಿನಾ ಉಯ್ದೆ. ಬತ್ತಾ ಬತ್ತಾ ಅದೂ ಒಗ್ಗೋಯ್ತು, ನೀರು ಬೀಳ್ತಿದ್ದಂಗೆ ಕಣ್ಣ ಮುಚ್ಕಂಡು ನಿಂತ್ಬುಡೋದು. ಅಂಗೇ ಬೆಳೀತು. ಜುಟ್ಟು ಕೆಂಪಗಾಯ್ತು, ಬಾಲ ಬಾಗ್ತು, ಒಂದಿನ ಗಂಟಲು ಒಡೆದು ಕೂಗೇಬುಡ್ತು, ಕೇಳಕಾಗದು ಆ ದನಿ, ಆದ್ರೂ ಕರಿ ಯಾಟೆ ಬೇಲಿ ಇಳಿದು ಬಂದು ಸುಮ್ಕೆ ಮೇಯಕೆ ನಿಂತ್ಕತು. ನಂಗೆ ಆವತ್ತು ಆದ ಖುಷಿ ನಿಮ್ಮಪ್ಪ ಹುಟ್ಟಿದಾಗ್ಲೂ ಆಗಿರ್ನಿಲ್ಲ. ಅವನಿಗೆ ಯೋಳ್ಬೇಡಿ.

ಅಷ್ಟೊತ್ಗೆ ನಂಗೆ ಜ್ವರ ಬಂತು. ಎಂಥ ಜ್ವರ ಅಂತ ಯಾರಿಗ್ಗೊತ್ತು, ಆಗೆಲ್ಲ ಜ್ವರ ಅಂದ್ರೆ ಅಕ್ಕಪಕ್ಕದೋರು ಬಾಗ್ಲು ಹಾಕ್ಕಳರು. ಎದ್ದು ಕೂರಕೆ ಆಗ್ದೆ ಮಲಗಿದ್ದೆ. ಎದ್ದು ಓಡಾಡಂಗಾದಾಗ ಅತ್ತೆಮ್ಮ ಮೆಲ್ಲಗೆ ಅಂದ್ರು, "ನಂಜಿ, ಮಾರಮ್ಮಂಗೆ ಅಂದ್ಕಂಡಿದ್ದೆ ಕಣೇ, ನನ್ನ ಸೊಸೆ ಎದ್ರೆ ಕೆಂಚನ ಒಪ್ಪುಸ್ತೀನಿ ಅಂತ. ಬರೋ ಮಂಗಳವಾರ ಕೊಟ್ಬುಡನ."

ಇನ್ನೂ ಒಂದು ಮರಿ ಕಂಡಿಲ್ಲ ಕಣ್ರೋ, ಕರಿ ಯಾಟೆ ಆಗ ತಾನೆ ಹೊಸದಾಗಿ ಮೊಟ್ಟೆ ಇಕ್ಕಕೆ ಸುರು ಮಾಡಿತ್ತು. "ಬೇರೆ ಉಂಜ ಎಲ್ಲಾದ್ರೂ ತಂದು ಕೊಡ್ತೀನಿ ಅತ್ತೆಮ್ಮಾ" ಅಂದೆ. "ಬಾಯಲ್ಲಿ ಕೆಂಚನ ಎಸರೇ ಇಡಿದು ಅಂದ್ಬುಟ್ಟಿದ್ದೀನಲ್ಲೇ, ಬದಲಿ ಮಾಡಕೆ ಅದೇನು ಅಂಗಡಿ ಸಾಮಾನಾ" ಅಂದ್ರು. "ನನ್ನ ಕೇಳ್ದೆ ಯಾಕ್ ಅಂದ್ರಿ" ಅಂತ ರೇಗ್ದೆ. ಅತ್ತೆಮ್ಮ ಕಣ್ಣಲ್ಲಿ ನೀರು ತಂದ್ಕಂಡು, "ನೀನು ಕಣ್ಣ ಬುಡ್ತಿರ್ನಿಲ್ಲ, ಕೇಳದು ಯಾರ ಕೇಳ್ಲಿ" ಅಂದ್ರು. ನನ್ನ ಜೀವಕ್ಕೆ ಅಂದ್ಕಂಡುದ್ದು. ಆದ್ರೂ ನಾನು ಬುಡ್ನಿಲ್ಲ. "ಆಯ್ತು, ನಾನೇ ಎತ್ಕಂಡು ಬತ್ತೀನಿ. ಆದ್ರೆ ಅಮ್ಮನ ಒಪ್ಪಿಗೆ ಕೇಳ್ಬೇಕು, ತಲೆ ಮೇಲೆ ನೀರು ಉಯ್ದು ಅದು ಮೈ ಒದರ್ಬೇಕು. ಈಗಿನೋರಂಗೆ ಕುಂಕುಮ ಹಚ್ಚಿ ವಾಪಸ್ ತಂದು ಕುಯ್ಯಂಗಿಲ್ಲ. ಒದರ್ನಿಲ್ಲ ಅಂದ್ರೆ ಅಮ್ಮಂಗೆ ಬ್ಯಾಡ ಅಂತ, ಯಾರೂ ಕೈ ಮುಟ್ಟಂಗಿಲ್ಲ" ಅಂದೆ. ಅತ್ತೆಮ್ಮ ನಕ್ಬುಟ್ರು, "ತಲೆ ಮೇಲೆ ನೀರು ಬಿದ್ರೆ ಮೈ ಒದರ್ದೆ ಇರೋ ಕೋಳಿ ಎಲ್ಲದೆ ನಂಜಿ. ಕೇಳು, ಬ್ಯಾಡ ಅಂದೋರಾರು." ನಂಗೂ ಗೊತ್ತಿತ್ತು, ಸುಮ್ಕೆ ಅಟಕ್ಕೆ ಅಂದುದ್ದು.

ಮಂಗಳವಾರ ನನ್ನ ಮೈದ ಸಿದ್ದ ಬೆಳಗ್ಗೇನೇ ಕುಡ್ಲು ಮಸೀತಾ ಕೂತವ್ನೆ, ಅವನ ಹೆಂಡ್ತಿ ಮಸಾಲೆ ಅರೀತಾ ಅವಳೆ. ನಾನು ಕೆಂಚನ ಎದೆಗವುಚ್ಕಂಡು ಗುಡಿಗೆ ಓದೆ, ದಾರೀಲೆಲ್ಲ ಅದರ ಎದೆ ಡವಡವ ಅಂತದೆ, ನಂದೂ ಅಂತದೆ. ಕೆಳಕ್ಕೆ ಬುಟ್ಟೆ. ಪೂಜಾರಪ್ಪ ಬೇವಿನ ಸೊಪ್ಪು ಹಾಕಿದ ಅರಿಶ್ಣದ ನೀರ ತಂದು ಚೊಂಬಿಂದ ತಲೆ ಮೇಲೆ ಉಯ್ದ.

ಕೆಂಚ ಕಣ್ಣ ಮುಚ್ಕಂಡು ನಿಂತ್ಬುಡ್ತು.

ಎಲ್ಲರೂ ನೋಡ್ತಾವ್ರೆ. ಪೂಜಾರಪ್ಪ, "ತಾಯಿ, ತಪ್ಪಾಗಿದ್ರೆ ಹೊಟ್ಟೆಗಾಕ್ಕಂಡು ಒಪ್ಪುಸ್ಕೊ" ಅಂತ ಇನ್ನೊಂದ್ಸಲ ಉಯ್ದ. ಪುಕ್ಕದಿಂದ ನೀರು ತೊಟ್ಟಿಕ್ತದೆ, ಅದು ಅಲ್ಲಾಡ್ನಿಲ್ಲ, ಗಾಯ ತೊಳುಸ್ಕಳಕೆ ನನ್ನ ತೊಡೆ ಮಧ್ಯೆ ನಿಂತಂಗೇ ನಿಂತದೆ. ಆಗ ಹೊಳೀತು ನೋಡು ನಂಗೆ. ಅತ್ತೆಮ್ಮನ ಕಡೆ ನೋಡುದ್ರೆ ಅವರು ನನ್ನೇ ನೋಡ್ತಾವ್ರೆ. ಜಗಲಿ ಮೇಲೆ ಕೂತು ದಿನಾ ಬೆಳಗ್ಗೆ ನೋಡ್ದೋರಲ್ವಾ ಅವರು, ಅವರಿಗೂ ಹೊಳೀದೆ ಇರ್ತದಾ? ಸಿದ್ದ, "ಇನ್ನೊಂದು ಚೊಂಬು ಉಯ್ರಪ್ಪ" ಅಂದ. ಅತ್ತೆಮ್ಮ ಕೋಲು ಊರ್ಕಂಡು ಮುಂದಕ್ಕೆ ಬಂದು, "ಸಾಕು ಬುಡ್ಲಾ, ಊರಿಗೆಲ್ಲ ಒಂದೇ ಉಂಜ ಅಂತ ಅಮ್ಮಂಗೆ ಗೊತ್ತಿಲ್ವಾ, ಬ್ಯಾಡ ಅಂದವಳೆ, ಎತ್ಕೊಳೇ ನಂಜಿ" ಅಂದ್ರು. ಎತ್ಕಂಡೆ, ಕಣ್ಣು ತುಂಬ್ಕಂಡು ದಾರಿ ಕಾಣ್ನಿಲ್ಲ. ಅರೆದ ಮಸಾಲೆಗೆ ಮೊಟ್ಟೆ ಹಾಕಿ ಸಾರು ಮಾಡುದ್ರು, ಸಿದ್ದ ಮೊಕ ಊದುಸ್ಕಂಡೇ ಉಂಡ.

ಆ ಸಲ ಕರಿ ಯಾಟೆ ಕಾವಿಗೆ ಕೂತು ಮರಿ ಎಬ್ಬುಸ್ತು ನೋಡು, ಮೊಟ್ಟೆ ಒಳಗಿಂದ ಚಿಂವ್ ಅಂದಾಗ ಅತ್ತೆಮ್ಮನೂ ನಾನೂ ಮಂಕರಿ ಪಕ್ಕ ಕೂತು ಅತ್ತೋ. ಈಗ ಊರಲ್ಲಿ ಎಲ್ಲಿ ಉಂಜ ಕೂಗುದ್ರೂ ಕೆಂಚನ ಕಡೇದೇ. ಅದೇ ಕಣ್ರೋ ನಾ ಯೋಳದು, ದಿನಾ ಒಸಿ ಒಸಿ ಮಾಡಿದ್ದು ಯಾವತ್ತೋ ಒಂದಿನ ಕೈ ಇಡೀತದೆ, ಅದು ಎಲ್ಲಿಂದ ಅಂತ ನಮಗೇ ಗೊತ್ತಿರದು. ಏಳಿ ಈಗ, ಆ ಮರಿಗಳಿಗೆ ಬೆಳಗ್ಗಿಂದ ಯಾರೂ ನೀರಿಟ್ಟಿಲ್ಲ.