ಗುಂಡಿಗೆ ಬಿಟ್ಟ ಗೆಣಸು

ಕಾಡಿಗೆ ಬೇಲಿ ಇಲ್ಲದ ಕಾಲ, ಬೆಟ್ಟಕ್ಕೆ ಹೆಸರಿಲ್ಲದ ಸೀಮೆ. ಅಲ್ಲೊಂದು ಹಾಡಿ, ಕಾಡುಜನರ ಹಟ್ಟಿ. ಹಾಡೀಲಿ ಜಡೆಯ ಅಂತ ಗಂಡ, ಕೇತಿ ಅಂತ ಹೆಂಡತಿ. ಕಾಡುಗೆಣಸು ಅಗೀತಿದ್ರು, ಸುಟ್ಕೊಂಡು ತಿಂತಿದ್ರು, ಮಿಕ್ಕಿದ್ದನ್ನ ಸಂತೇಲಿ ಮಾರ್ತಿದ್ರು. ಕೇಳ್ತಿದ್ದೀರಾ? ಹೂಂಗುಟ್ರಪ್ಪ ಮತ್ತೆ!

ಆ ಹಾಡೀಲೊಂದು ಕಟ್ಟಳೆ. ಗೆಣಸು ಕಿತ್ತೋರು ಅದರ ತಲೆ ಕುಯ್ದು, ಬಳ್ಳಿ ಸಮೇತ ಗುಂಡೀಲೇ ಮಡಗಿ ಮಣ್ಣು ಮುಚ್ಚಬೇಕು. "ನಮ್ಮ ಪಾಲು ನಮಗಾಯ್ತು, ನಿನ್ನ ಪಾಲು ನಿನಗೆ ತಾಯಿ" ಅಂತ ಭೂಮಿತಾಯಿಗೆ ಹೇಳಬೇಕು. ಮುಂದಿನ ಮಳೆಗೆ ಆ ತಲೆಯೇ ಮತ್ತೆ ಗೆಣಸು ಕಟ್ಟೋದು.

ಒಂದ್ಸಲ ಸಂತೇಲಿ ಸಾಹುಕಾರ ಜಡೆಯನಿಗೆ ಅಂದ, "ತಲೆ ಯಾಕೋ ಮಣ್ಣುಪಾಲು ಮಾಡ್ತೀಯ? ಅದೂ ತೂಕಕ್ಕೆ ಬರ್ತದಲ್ಲ!"

ಮುಗೀತು. ಅತಿ ಆಸೆ ಗತಿಕೇಡು ಅಂತ ಅವನಿಗೆ ಹೇಳೋರು ಯಾರು?

ಮಾರನೇ ದಿನ ಕೇತಿ ಜೊತೆ ಕಾಡಿಗೆ ಹೋದ. ಒಂದು ಗುಂಡಿ ತೋಡಿದ, ಗೆಣಸನ್ನ ತಲೆ ಸಮೇತ ಬುಟ್ಟಿಗೆ ಹಾಕ್ದ. ಎರಡನೇ ಗುಂಡಿ ತೋಡಿದ, ಅದನ್ನೂ ಬುಟ್ಟಿಗೆ ಹಾಕ್ದ.

"ತಾಯಿ ಪಾಲು ಮಡಗಯ್ಯ" ಅಂದ್ಲು ಕೇತಿ.

"ಬಾಯ್ಮುಚ್ಚೇ" ಅಂದ.

ಮೂರನೇ ಗೆಣಸು ಪಾತಾಳಕ್ಕಿಳಿದಿತ್ತು. ತೋಡಿದ, ತೋಡಿದ, ತನ್ನ ತಲೆ ಮುಳುಗೋವರೆಗೂ ತೋಡಿದ. ಎಳೇಮಗುವಿನಂಥ ಗೆಣಸು ಸಿಕ್ತು! ಅವಚಿಕೊಂಡು ಮೇಲೆ ನೋಡ್ತಾನೆ, ಅಯ್ಯೋ ಶಿವನೇ! ಮಳೆ ಕುಡಿದ ಮಣ್ಣು, ನಾಲ್ಕೂ ಕಡೆಯಿಂದ ಕುಸೀತಾ ಇದೆ. ಕಾಲಿಟ್ಟಲ್ಲಿ ಜಾರ್ತದೆ.

"ಕೇತೀ! ಸತ್ತೆ ಕಣೇ!"

ಕಡಿದ ಬಳ್ಳಿ ಇಳಿಬಿಟ್ಲು. ಹರೀತು. ಎರಡು ಬಳ್ಳಿ ಹೊಸೆದು ಬಿಟ್ಲು. ಅದೂ ಹರೀತು. ಮೂರನೇ ಸಲ ಏನು ಮಾಡಿದ್ಲು ಗೊತ್ತಾ? ಉಟ್ಟ ಸೀರೇನೇ ಬಿಚ್ಚಿ ಮರಕ್ಕೆ ಕಟ್ಟಿ ಇಳಿಬಿಟ್ಲು!

ಮಣ್ಣು ಸೊಂಟಕ್ಕೆ ಬಂದದೆ. ಈ ಪುಣ್ಯಾತ್ಮ ಒಂದೇ ಕೈಲಿ ಸೀರೆ ಹಿಡಿದವ್ನೆ! ಇನ್ನೊಂದು ಕೈಲಿ ಗೆಣಸು!

"ಬುಡಯ್ಯ ಅದನ್ನ!"

"ಬುಡಾಕಿಲ್ಲ ಕಣೇ!"

"ಜೀವ ಇದ್ರೆ ಬೆಲ್ಲ ಬೇಡಿ ತಿನ್ನಬಹುದು, ಬುಡಯ್ಯೋ!"

ಮಣ್ಣು ಎದೆಗೆ ಬಂತು. ಆಗ ಬುಟ್ಟ. ಎರಡೂ ಕೈಲಿ ಸೀರೆ ಹಿಡಿದು ಹತ್ತಿದ. ಹಿಮ್ಮಡಿ ಅಂಚು ದಾಟಿತೋ ಇಲ್ಲವೋ, ಧಡ್ ಅಂತು! ಗುಂಡಿಯೇ ಇಲ್ಲ! ಸಪಾಟು ನೆಲ! ನನಗೆ ಈಗಲೂ ಹೇಳ್ವಾಗ ಮೈ ಜುಂ ಅಂತದೆ.

ಕೇತಿ ಮಣ್ಣಾದ ಸೀರೆ ಸುತ್ಕೊಂಡು ಮುಂದೆ ನಡೆದ್ಲು. ಇವನು ಹಿಂದೆ.

ಮುಂದಿನ ಮಳೆ ಬಂತು. ಅದೇ ಜಾಗದಲ್ಲಿ ತೋಳುಗಾತ್ರದ ಬಳ್ಳಿ ಎದ್ದಿತ್ತು. ಜಡೆಯ ಅಗೆಯೋ ಕೋಲು ಹಿಡಿದು ಓಡಿದ. ಕೇತಿ ಅಡ್ಡ ನಿಂತ್ಲು.

"ಮುಟ್ಟಬ್ಯಾಡ ಕಣಯ್ಯ. ತಾಯಿಗೆ ಅವತ್ತು ಒಂದು ಪಾಲು ಬೇಕಿತ್ತು. ಆ ಗೆಣಸು ನಿನ್ನ ಬದಲಿಗೆ ಹೋದದ್ದು."

ಜಡೆಯನ ಕೈಯಿಂದ ಕೋಲು ಜಾರಿ ಬಿತ್ತು.

ಬಳ್ಳಿ ಬೆಟ್ಟದ ಪಾಲು, ಕಥೆ ನಿಮ್ಮ ಪಾಲು. ಏಳಿ, ಒಲೇಲಿ ಗೆಣಸು ಬೆಂದದೆ.